ಸವರು, ಸವರಣ, ಟ್ರಿಮ್

ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡಿಗನಿಗೆ ತೆಲುಗು ಲಿಪಿ ಬಹಳ ದಿನ ಅಡ್ಡಿಯಾಗುವುದಿಲ್ಲ. ತಲೆಕಟ್ಟಿನ ವ್ಯತ್ಯಾಸ ಕಣ್ಣಿಗೆ ಒಗ್ಗಿದರೆ ಬಸ್ಸಿನ ಬೋರ್ಡು, ಅಂಗಡಿಯ ಫಲಕ, ಪತ್ರಿಕೆಯ ತಲೆಬರಹ ಎಲ್ಲವನ್ನೂ ಓದಬಹುದು. ಪೇಚು ಶುರುವಾಗುವುದು ಓದಿದ ಮೇಲೆ. ‘ರಾಜ್ಯಾಂಗ ಸವರಣ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ರಾಜ್ಯಾಂಗ ಎಂದರೆ ಸಂವಿಧಾನ, ಅದು ಗೊತ್ತು. ಅದನ್ನು ಸವರುವುದು ಎಂದರೇನು? ಬೆಣ್ಣೆ ಸವರಿದರೋ, ಬೆನ್ನು ಸವರಿದರೋ, ಇಲ್ಲ ಬೇಲಿಯ ಕೊಂಬೆಗಳಂತೆ ಎರಡು ವಿಧಿಗಳನ್ನು ಸವರಿಯೇಬಿಟ್ಟರೋ? ಪಕ್ಕದಲ್ಲಿ ಕೂತ ತೆಲುಗಿನವರನ್ನು ಕೇಳಿದರೆ ನಕ್ಕು, ‘ಅಮೆಂಡ್‌ಮೆಂಟ್ ಅಂಡಿ’ ಎನ್ನುತ್ತಾರೆ. ನಮ್ಮ ತಿದ್ದುಪಡಿ ಅವರ ಸವರಣ. ಒಂದು ಕಾಲಕ್ಕೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಜಿಲ್ಲೆಗಳಿಗೆ 371(ಜೆ) ವಿಧಿಯನ್ನು ತಂದುಕೊಟ್ಟ 2012ರ ಕಾಯ್ದೆ ಕನ್ನಡದಲ್ಲಿ 98ನೆಯ ತಿದ್ದುಪಡಿ, ತೆಲುಗಿನಲ್ಲಿ 98ನೆಯ ಸವರಣ.

ತಮಾಷೆಯೆಂದರೆ ಎರಡೂ ಕ್ರಿಯಾಪದಗಳು ಎರಡೂ ಭಾಷೆಗಳಲ್ಲಿವೆ. ನಮ್ಮ ‘ತಿದ್ದು’ ತೆಲುಗಿನಲ್ಲಿ ‘ದಿದ್ದು’. ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುವುದು ಅಲ್ಲಿಯೂ ದಿದ್ದುವುದೇ. ಗುರಜಾಡ ಅಪ್ಪಾರಾವ್ 1910ರಲ್ಲಿ ಪ್ರಕಟಿಸಿದ, ಆಧುನಿಕ ತೆಲುಗು ಸಣ್ಣಕಥೆಯ ಆರಂಭವೆಂದು ಹಲವರು ಎಣಿಸುವ ಕಥೆಯ ಹೆಸರು ‘ದಿದ್ದುಬಾಟು’. ದಾರಿ ತಪ್ಪಿದ ಗಂಡನನ್ನು ಹೆಂಡತಿ ಉಪಾಯದಿಂದ ಸರಿದಾರಿಗೆ ತರುವ ಕಥೆ ಅದು. ಆಯ್ಕೆ ಮಾಡುವ ಹೊತ್ತು ಬಂದಾಗ ಕನ್ನಡದ ಕಾನೂನು ಬರಹಗಾರರು ಮೇಷ್ಟರ ಕೆಂಪು ಶಾಯಿಯ ಪದವನ್ನು ಎತ್ತಿಕೊಂಡರು, ತೆಲುಗಿನವರು ಮನೆ ಒಪ್ಪ ಮಾಡುವವರ ಪದವನ್ನು ಎತ್ತಿಕೊಂಡರು. ತೆಲುಗಿನಲ್ಲಿ ಸವರಿಂಚು ಎಂದರೆ ಇದ್ದದ್ದನ್ನು ಅಣಿಗೊಳಿಸು, ಓರಣ ಮಾಡು, ಸರಿಪಡಿಸು. ಭಾಷಣಕ್ಕೆ ಎದ್ದು ನಿಂತವರು ‘ಗೊಂತು ಸವರಿಂಚುಕುಂಟಾರು’, ಅಂದರೆ ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಸೀರೆಯ ನಿರಿಗೆ, ಕೆದರಿದ ಕೂದಲು, ಅಚ್ಚಿನ ಕರಡು, ಎಲ್ಲಕ್ಕೂ ಅದೇ ಮಾತು. ಕಂಪ್ಯೂಟರಿನ ತೆಲುಗು ಪರದೆಯ ಮೇಲೆ ‘ಎಡಿಟ್’ ಇರಬೇಕಾದ ಜಾಗದಲ್ಲಿ ಎಷ್ಟೋ ಕಡೆ ‘ಸವರಿಂಚು’ ಎಂದೇ ಇರುತ್ತದೆ.

ಕನ್ನಡದ ಸವರು ಕೈಗೆ ಅಂಟಿಕೊಂಡ ಪದ. ರೊಟ್ಟಿಗೆ ಬೆಣ್ಣೆ ಸವರುತ್ತೇವೆ, ಹೆಂಚಿಗೆ ಎಣ್ಣೆ ಸವರುತ್ತೇವೆ, ಅಳುವ ಮಗುವಿನ ಬೆನ್ನು ಸವರುತ್ತೇವೆ. ಕೆಲಸ ಮಾಡದೆ ಆಸೆ ಮಾತ್ರ ಹುಟ್ಟಿಸುವವರು ಮೂಗಿಗೆ ತುಪ್ಪ ಸವರುತ್ತಾರೆ. ವಾಸನೆ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ. ಅದೇ ಕೈಗೆ ಕತ್ತಿ ಬಂದರೆ ಪದವೂ ಹರಿತವಾಗುತ್ತದೆ. ಮಲೆನಾಡಿನಲ್ಲಿ ಮಳೆ ಬಿಡುತ್ತಿದ್ದಂತೆ ತೋಟದ ಹಳು ಸವರಿಸುತ್ತಾರೆ, ಬೇಲಿ ಸವರುತ್ತಾರೆ, ದಾರಿಗೆ ಚಾಚಿದ ಕೊಂಬೆ ಸವರುತ್ತಾರೆ. ಕಾವ್ಯದ ಯುದ್ಧವರ್ಣನೆಯಲ್ಲಿ ವೀರನೊಬ್ಬ ಶತ್ರುಸೇನೆಯನ್ನು ಸವರುತ್ತ ನಡೆದರೆ ಅಲ್ಲಿ ಬೆಣ್ಣೆಯ ಮಾತೇ ಇಲ್ಲ. ‘ತಲೆ ಸವರಿದರು’ ಎಂಬ ಎರಡೇ ಪದ ಕೇಳಿ ಸವರಿದ್ದು ಅಜ್ಜಿಯೋ ಕೊಲೆಗಾರನೋ ಎಂದು ಹೇಳುವಂತಿಲ್ಲ. ಮುಂದಿನ ವಾಕ್ಯ ಬರುವ ತನಕ ಕಾಯಬೇಕು.

ಮುದ್ದಿಸುವ ಪದವೂ ಕಡಿಯುವ ಪದವೂ ಒಂದೇ ಆದದ್ದು ಹೇಗೆ? ಉತ್ತರ ತೆಲುಗಿನವರು ಉಳಿಸಿಕೊಂಡ, ನಾವು ಬಹುಮಟ್ಟಿಗೆ ಕಳೆದುಕೊಂಡ ಅರ್ಥದಲ್ಲಿದೆ. ಹಳೆಯ ಕನ್ನಡದಲ್ಲಿ ಈ ಪದ ‘ಸಮರು’ ಎಂಬ ರೂಪದಲ್ಲಿಯೂ ಸಿಗುತ್ತದೆ. ಕುಮಾರ ಕುವರನಾದಂತೆ, ಚಮರಿ ಚವರಿಯಾದಂತೆ ಇಲ್ಲಿಯೂ ನಡುವಿನ ಮಕಾರ ವಕಾರವಾಗಿದೆ. ಸಮರು ಎಂದರೆ ಸರಿಗೊಳಿಸು, ಸಜ್ಜುಮಾಡು. ಸವರಣೆ ಎಂದರೆ ಸಿದ್ಧತೆ, ಅಲಂಕಾರ, ಓರಣ. ಮಂಗಳೂರಿನ ಬಾಸೆಲ್ ಮಿಷನ್ನಿನಿಂದ 1894ರಲ್ಲಿ ಹೊರಬಂದ ಕಿಟೆಲರ ಕೋಶದ ಸಕಾರದ ಪುಟಗಳನ್ನು ತಿರುವಿದರೆ ಈ ಪದದ ಅರ್ಥಗಳು ಒಂದರ ಬೆನ್ನಿಗೆ ಒಂದು ನಿಂತಿರುವುದು ಕಾಣುತ್ತದೆ: ಅಣಿಗೊಳಿಸುವುದು, ಹೆಚ್ಚಾದದ್ದನ್ನು ಕತ್ತರಿಸುವುದು, ಮೆಲ್ಲಗೆ ಒರೆಸುವುದು. ಗಿಡವನ್ನು ಅಂದವಾಗಿ ನಿಲ್ಲಿಸಬೇಕಾದರೆ ಅಡ್ಡಾದಿಡ್ಡಿ ಬೆಳೆದ ರೆಂಬೆ ಹೋಗಬೇಕು. ಕೂದಲು ಒಪ್ಪವಾಗಬೇಕಾದರೆ ಎಣ್ಣೆ ಹಚ್ಚಿ ಕೈಯಾಡಿಸಬೇಕು. ಎರಡೂ ಓರಣದ ಕೆಲಸಗಳೇ. ಕಾಲ ಕಳೆದಂತೆ ಕನ್ನಡಿಗರ ನೆನಪಿನಲ್ಲಿ ಓರಣ ಹಿಂದೆ ಸರಿದು ಕೈ ಮತ್ತು ಕತ್ತಿ ಮಾತ್ರ ಉಳಿದವು.

ದ್ರಾವಿಡ ನಿಘಂಟುಕಾರರು ಇದನ್ನು ‘ಸಮೆ’ ಎಂಬ ಹಳಗನ್ನಡ ಕ್ರಿಯಾಪದದ ಜೊತೆಗಿಡುತ್ತಾರೆ. ಸಮೆ ಎಂದರೆ ಸಿದ್ಧವಾಗು, ಸಿದ್ಧಮಾಡು, ರಚಿಸು. ತಮಿಳರ ‘ಸಮೈಯಲ್’, ಅಂದರೆ ಅಡುಗೆ, ಇದರದೇ ಬಂಧು. ಅಕ್ಕಿ ಬೇಳೆಯನ್ನು ಊಟಕ್ಕೆ ಅಣಿಗೊಳಿಸುವುದೇ ಸಮೈಯಲ್. ಕನ್ನಡದಲ್ಲಿ ಇದೇ ರೂಪದ ಇನ್ನೊಂದು ಸಮೆಯೂ ಇದೆ. ಅದು ಇಂದಿನ ‘ಸವೆ’: ಚಪ್ಪಲಿ ಸವೆಯುವುದು, ಮೆಟ್ಟಿಲು ಸವೆಯುವುದು. ಕೋಶಗಳು ಇವೆರಡನ್ನೂ ಬೇರೆ ಬೇರೆ ಪದಗಳೆಂದೇ ನಮೂದಿಸುತ್ತವೆ. ಆದರೂ ‘ಸವರು’ ಮತ್ತು ‘ಸವೆ’ ಅಕ್ಕಪಕ್ಕ ನಿಂತಿರುವುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಬಡಗಣ ದಿಕ್ಕಿನ ಕಥೆ. ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿ ಎಂಬ ಇಕ್ಕಟ್ಟಿನ ಬೀದಿಯಿದೆ. ತಂತಿ, ಸ್ಪೀಕರು, ಸರ್ಕ್ಯೂಟಿನ ಬಿಡಿಭಾಗಗಳ ಅಂಗಡಿಗಳು ಒತ್ತೊತ್ತಾಗಿ ತುಂಬಿದ ಜಾಗ. ಹೆಸರು ಗುಜರಾತಿ ಗಲ್ಲಿ ಎಂದಮೇಲೆ ಗುಜರಾತಿ ಮಾತನ್ನೂ ಒಂದು ಸಲ ಕೇಳಿನೋಡಬೇಕು. ಗುಜರಾತಿಯಲ್ಲಿ ರಿಪೇರಿ ಕೆಲಸಕ್ಕೆ ‘ಸಮಾರ್‌ಕಾಮ್’ ಎನ್ನುತ್ತಾರೆ. ಅದೇ ಕ್ರಿಯಾಪದವನ್ನು ಅಡುಗೆಮನೆಗೆ ತಂದು ‘ಶಾಕ್ ಸಮಾರ್‌ವುಂ’ ಎಂದರೆ ತರಕಾರಿ ಹೆಚ್ಚುವುದು! ಸರಿಪಡಿಸುವುದೂ ಕತ್ತರಿಸುವುದೂ ಅಲ್ಲಿಯೂ ಒಂದೇ ಪದದ ಎರಡು ಕೈಗಳು. ಹಿಂದಿ ಉರ್ದುಗಳ ‘ಸಂವಾರ್‌ನಾ’ ಇದರ ಸೋದರ. ‘ಬಾಲ್ ಸಂವಾರ್‌ನಾ’ ಎಂದರೆ ಕೂದಲನ್ನು ಬಾಚಿ ಒಪ್ಪಗೊಳಿಸುವುದು. ಈ ಉತ್ತರದ ಪದಗಳನ್ನು ಭಾಷಾಶಾಸ್ತ್ರಜ್ಞರು ಪ್ರಾಕೃತದ ಮೂಲಕ ಸಂಸ್ಕೃತದ ‘ಸಮಾರಚ್’ ಎಂಬಲ್ಲಿಗೆ ಒಯ್ಯುತ್ತಾರೆ. ಚೆನ್ನಾಗಿ ರಚಿಸು, ಜೋಡಿಸು ಎಂದು ಅದರ ಅರ್ಥ. ಸಮೆಯಿಂದ ಒಂದು ಧಾರೆ, ಸಮಾರಚ್‌ನಿಂದ ಇನ್ನೊಂದು ಧಾರೆ ಹರಿದು ದಖ್ಖನ್ನಿನಲ್ಲಿ ಒಂದಕ್ಕೊಂದು ಬೆರೆತಿರಬೇಕೆಂಬುದು ನನ್ನ ಊಹೆ. ಚಾರ್‌ಮಿನಾರಿನ ಸುತ್ತ ಕಾಲು ಗಂಟೆ ಅಡ್ಡಾಡಿದರೆ ಭಾಷೆಗಳು ಹೇಗೆ ಬೆರೆಯುತ್ತವೆಂದು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರ ತನಕ ಬೀದರ, ಕಲಬುರಗಿ, ರಾಯಚೂರುಗಳಿಗೂ ಇದೇ ರಾಜಧಾನಿ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ಅದೇ ಬಡಾವಣೆಯ ನೃಪತುಂಗ ಶಾಲೆ ಆ ನಂಟಿನ ಗುರುತುಗಳು.

ಮರಾಠಿಯ ‘ಸಾವರಣೆ’ಯನ್ನು ಬಿಡುವಂತಿಲ್ಲ. ಜಾರಿದ ಸೆರಗನ್ನು ಸರಿಮಾಡಿಕೊಳ್ಳುವುದು, ಬೀಳುವವನು ತಡೆದು ನಿಲ್ಲುವುದು ಅದರ ಅರ್ಥ. ಎಡವಿದವನು ‘ಸಾವರಿಸಿಕೊಂಡು’ ಎದ್ದ ಎಂದು ನಾವು ಕನ್ನಡದಲ್ಲಿ ಬರೆಯುವಾಗ ಬಳಸುವುದು ಇದನ್ನೇ. ಕತ್ತಿಯೂ ಇಲ್ಲ, ಬೆಣ್ಣೆಯೂ ಇಲ್ಲ. ತೂಕ ತಪ್ಪಿದ್ದನ್ನು ಮತ್ತೆ ತೂಕಕ್ಕೆ ತರುವುದಷ್ಟೇ.

ಒಂದೇ ಬಗೆಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಒಂದೇ ಹಗ್ಗಕ್ಕೆ ಕಟ್ಟಲು ಹೋಗಬಾರದು. ಕೂದಲು ಸವರುವವನ ಕೆಲಸಕ್ಕೆ ಆಡುಮಾತಿನಲ್ಲಿ ‘ಚೌರ’ ಎನ್ನುತ್ತಾರಲ್ಲ, ಅದು ಕ್ಷೌರ. ಕ್ಷುರ ಎಂದರೆ ಕತ್ತಿ, ಅಲ್ಲಿಂದ ಬಂದದ್ದು. ತೆಲುಗು ಹೆಂಗಸರು ಜಡೆಗೆ ಸೇರಿಸಿ ಹೆಣೆಯುವ ಕೂದಲಿನ ‘ಸವರಂ’ ನಮ್ಮ ಚೌರಿಯೇ. ಅದರ ಹಿಂದಿರುವುದು ಚಮರೀಮೃಗದ ಬಾಲ. ಚಿನ್ನದಂಗಡಿಯಲ್ಲಿ ಕೇಳಿಬರುವ ‘ಸವರ’ ಇಂಗ್ಲಿಷ್ ರಾಣಿಯ ಸವರನ್ ನಾಣ್ಯ. ಈ ಮೂವರೂ ನಮ್ಮ ಸವರುವಿನ ನೆಂಟರಲ್ಲ.

ಇಷ್ಟೆಲ್ಲ ಬರೆಯಲು ನೆಪವಾದದ್ದು ಒಂದು ಪುಟ್ಟ ಪೆಟ್ಟಿಗೆ. 1998ರಲ್ಲಿ ಸೈಬರ್ ಟವರ್ಸ್ ತೆರೆದುಕೊಂಡಾಗಿನಿಂದ ಹೈದರಾಬಾದಿನ ಪಶ್ಚಿಮದಂಚು ಮಾದಾಪುರ, ಕೊಂಡಾಪುರ, ಗಚ್ಚಿಬೌಲಿ ಎಂದು ಬೆಳೆಯುತ್ತಲೇ ಇದೆ. ಅಲ್ಲಿನ ಫ್ಲ್ಯಾಟುಗಳಲ್ಲಿ ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರು ಹಲವರು. ಅವರಲ್ಲಿ ಆಸಕ್ತಿಯುಳ್ಳವರು ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರನ್ನು ನಂಬಿ ಕೂರುವುದಿಲ್ಲ. ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿಗೆ ಹೋಗಿ, ಫ್ಯಾನಿಲ್ಲದ ಸಣ್ಣ ಕಂಪ್ಯೂಟರನ್ನೂ ಅದಕ್ಕೊಂದು ಎಸ್‌ಎಸ್‌ಡಿ ಎಂಬ ಡಿಸ್ಕನ್ನೂ ತಂದು, ಪಿಎಫ್‌ಸೆನ್ಸ್ ಅಥವಾ ಓಪಿಎನ್‌ಸೆನ್ಸ್ ಎಂಬ ಮುಕ್ತ ತಂತ್ರಾಂಶ ತುಂಬಿಸಿ ತಮ್ಮದೇ ಫೈರ್‌ವಾಲ್ ಕಟ್ಟಿಕೊಳ್ಳುತ್ತಾರೆ. ಮೊದಲನೆಯದು 2004ರಲ್ಲಿ ಎಂಜೀರೋಎನ್‌ಜೀರೋವಾಲ್ ಎಂಬ ತಂತ್ರಾಂಶದಿಂದ ಕವಲೊಡೆದದ್ದು, ಎರಡನೆಯದು 2015ರಲ್ಲಿ ಮೊದಲನೆಯದರಿಂದ ಕವಲೊಡೆದದ್ದು. ಎರಡರ ತಳದಲ್ಲಿಯೂ ಇರುವುದು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆ. ಒಳಬರುವ, ಹೊರಹೋಗುವ ಪ್ರತಿಯೊಂದು ಸಂಪರ್ಕವನ್ನೂ ಈ ಪೆಟ್ಟಿಗೆ ತಡೆದು ನೋಡಿ, ತಡೆದದ್ದನ್ನು ದಿನಚರಿಯಲ್ಲಿ ಬರೆದಿಡುತ್ತದೆ. ಹೊರಹೋಗುವುದನ್ನೂ ಯಾಕೆ ನೋಡಬೇಕು ಎಂದು ಹೈದರಾಬಾದಿನಲ್ಲಿ ಕೇಳಬಾರದು. ಎಂಟು ತಿಂಗಳ ಮುತ್ತಿಗೆಗೆ ಜಗ್ಗದ ಗೋಲ್ಕೊಂಡ ಕೋಟೆ 1687ರಲ್ಲಿ ಔರಂಗಜೇಬನ ಕೈಸೇರಿದ್ದು ಒಳಗಿನವನೇ ಲಂಚ ತಿಂದು ದಿಡ್ಡಿ ಬಾಗಿಲು ತೆರೆದದ್ದರಿಂದ.

ಈ ಪೆಟ್ಟಿಗೆಯ ಎಸ್‌ಎಸ್‌ಡಿಯಲ್ಲಿ ‘ಟ್ರಿಮ್’ ಎಂಬ ಸೌಲಭ್ಯವನ್ನು ಚಾಲೂ ಮಾಡಬೇಕು ಎಂಬುದು ತಿಳಿದವರ ಸಲಹೆ. ಟ್ರಿಮ್ ಎಂದರೆ ನಮಗೆ ಮೊದಲು ನೆನಪಾಗುವುದು ಸಲೂನು. ‘ಸ್ವಲ್ಪ ಟ್ರಿಮ್ ಮಾಡಿ ಸಾಕು’ ಎಂಬ ವಾಕ್ಯದಲ್ಲಿ ಅದು ಎಂದೋ ಕನ್ನಡದ ಪದವಾಗಿಬಿಟ್ಟಿದೆ. ಹೀಗಾಗಿ ಡಿಸ್ಕಿನ ಮೇಲೂ ಏನನ್ನೋ ಕತ್ತರಿಸುತ್ತಾರೆ ಎಂದುಕೊಳ್ಳುವುದು ಸಹಜ. ದೊಡ್ಡಕ್ಷರಗಳಲ್ಲಿ ಬರೆಯುವ ರೂಢಿಯಿಂದಾಗಿ ಇದು ನಾಲ್ಕು ಪದಗಳ ಸಂಕ್ಷಿಪ್ತ ರೂಪ ಎಂದು ನಂಬಿದವರೂ ಇದ್ದಾರೆ. ಅದು ಸಂಕ್ಷಿಪ್ತ ರೂಪವಲ್ಲ, ಸಾದಾ ಇಂಗ್ಲಿಷ್ ಪದ.

ಸಾದಾ ಎಂದೆ, ಆದರೆ ಅದರ ಹುಟ್ಟು ಸಾದಾ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಟ್ರುಮ್’ ಎಂದರೆ ಗಟ್ಟಿಯಾದದ್ದು, ಬಲವಾದದ್ದು. ಅದರಿಂದಾದ ಕ್ರಿಯಾಪದ ‘ಟ್ರುಮ್ಮನ್’: ಗಟ್ಟಿಗೊಳಿಸು, ಭದ್ರಪಡಿಸು, ಪಡೆಯನ್ನು ಸಾಲಾಗಿ ನಿಲ್ಲಿಸು. 991ರ ಮಾಲ್ಡನ್ ಕಾಳಗವನ್ನು ಹೇಳುವ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ಬಿರ್ತ್‌ನೋತ್ ಎಂಬ ನಾಯಕ ತನ್ನ ಯೋಧರನ್ನು ಅಣಿಗೊಳಿಸುವುದು ಈ ಕ್ರಿಯಾಪದದಿಂದಲೇ. ಟ್ರುಮ್‌ನ ಬೇರನ್ನು ಇನ್ನೂ ಕೆಳಗೆ ಅಗೆದರೆ ಸಿಗುವುದು ಮರ. ಇಂಗ್ಲಿಷಿನ ‘ಟ್ರೀ’, ಸಂಸ್ಕೃತದ ‘ದಾರು’, ‘ದ್ರುಮ’ಗಳ ಬೇರೂ ಅದೇ. ದೇವದಾರುವಿನ ದಾರುವೂ ಸಲೂನಿನ ಟ್ರಿಮ್ಮೂ ದೂರದ ದಾಯಾದಿಗಳು! ಮರದಂತೆ ಗಟ್ಟಿಯಾಗಿ ನಿಲ್ಲಿಸುವುದು ಎಂಬಲ್ಲಿಂದ ಹೊರಟ ಪದ ಕೊನೆಗೆ ಮರದ ರೆಂಬೆ ಕಡಿಯುವುದಕ್ಕೆ ಬಂದು ನಿಂತಿತು.

ನಡುವಿನ ದಾರಿಯೂ ಸ್ವಾರಸ್ಯದ್ದು. ಮಧ್ಯಯುಗದ ಇಂಗ್ಲಿಷ್ ಬರಹಗಳಲ್ಲಿ ಈ ಪದ ಹೆಚ್ಚುಕಡಿಮೆ ಕಾಣೆಯಾಗಿ, 16ನೆಯ ಶತಮಾನದಲ್ಲಿ ಏಕಾಏಕಿ ಎಲ್ಲೆಡೆ ತಲೆಯೆತ್ತುತ್ತದೆ. ಆಗ ಅದಕ್ಕೆ ಸಜ್ಜುಗೊಳಿಸು, ಅಲಂಕರಿಸು ಎಂಬ ಅರ್ಥ. ದೀಪದ ಬತ್ತಿಯನ್ನು ಟ್ರಿಮ್ ಮಾಡುತ್ತಿದ್ದರು, ಹಡಗಿನ ಹಾಯಿಯನ್ನು ಗಾಳಿಗೆ ತಕ್ಕಂತೆ ಟ್ರಿಮ್ ಮಾಡುತ್ತಿದ್ದರು, ಒಂದೇ ಮಗ್ಗುಲಿಗೆ ವಾಲದಂತೆ ಸರಕನ್ನು ಹಂಚಿ ಇಡೀ ಹಡಗನ್ನೇ ಟ್ರಿಮ್ ಮಾಡುತ್ತಿದ್ದರು. 1680ರ ದಶಕದಲ್ಲಿ ಇಂಗ್ಲೆಂಡಿನ ರಾಜಕಾರಣದಲ್ಲಿ ‘ಟ್ರಿಮ್ಮರ್’ ಎಂಬುದು ಎರಡು ಬಣಗಳ ನಡುವೆ ವಾಲಾಡುವವನಿಗೆ ಬೈಗುಳವಾಯಿತು. ಹ್ಯಾಲಿಫ್ಯಾಕ್ಸ್ ಎಂಬ ಶ್ರೀಮಂತ ಅದನ್ನು ಬಿರುದೆಂದು ಒಪ್ಪಿಕೊಂಡು, ದೋಣಿ ಮಗುಚದಂತೆ ತೂಕ ಕಾಯುವವನೇ ಟ್ರಿಮ್ಮರ್ ಎಂದು ಒಂದು ಪುಸ್ತಿಕೆಯನ್ನೇ ಬರೆದ. ನಮ್ಮ ಪಕ್ಷಾಂತರಿಗಳಿಗೆ ಈ ವಾದ ಇನ್ನೂ ಸಿಕ್ಕಂತಿಲ್ಲ. ಹೆಚ್ಚಾದದ್ದನ್ನು ಕತ್ತರಿಸಿ ಅಂದಗೊಳಿಸುವುದು ಎಂಬ ಅರ್ಥ ಈ ಎಲ್ಲದರ ಜೊತೆಗೆ ಬೆಳೆದು, ಕಡೆಗೆ ಉಳಿದವನ್ನು ಹಿಂದಕ್ಕೆ ಹಾಕಿತು.

ಸವರುವಿನ ಬಾಳನ್ನೂ ಟ್ರಿಮ್‌ನ ಬಾಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದಕ್ಕೊಂದು ರಕ್ತಸಂಬಂಧವಿಲ್ಲ. ಆದರೆ ಎರಡೂ ಅಣಿಗೊಳಿಸುವಲ್ಲಿ ಹುಟ್ಟಿ, ಒಪ್ಪಗೊಳಿಸುವಲ್ಲಿ ಬೆಳೆದು, ಕತ್ತರಿಯಲ್ಲಿ ಬಂದು ನಿಂತಿವೆ. ಗುಜರಾತಿಯ ಸಮಾರ್‌ವುಂ ಕೂಡ ಇದೇ ಸಾಲಿನದು. ಹೈದರಾಬಾದಿನ ಸಲೂನಿನಲ್ಲಿ ಗಡ್ಡ ಒಪ್ಪ ಮಾಡಿಸಿಕೊಳ್ಳುವುದಕ್ಕೆ ‘ಸೆಟ್ಟಿಂಗ್’ ಎನ್ನುತ್ತಾರೆ. ಓರಣ ಮತ್ತು ಕತ್ತರಿ ಅಲ್ಲಿ ಇನ್ನೊಮ್ಮೆ ಕೂಡಿಕೊಂಡಿವೆ. ಕಳೆಯುವುದಕ್ಕೂ ಸರಿಪಡಿಸುವುದಕ್ಕೂ ನಡುವೆ ಗೋಡೆ ಕಟ್ಟಿದ್ದು ನಮ್ಮ ಕಾಲದ ಬುದ್ಧಿಯೇ ಹೊರತು ಆ ಪದಗಳನ್ನು ಬಳಸಿದ ಮಾಲಿಗಳು, ಕ್ಷೌರಿಕರು, ಅಡುಗೆಯವರು ಕಟ್ಟಿರಲಿಲ್ಲ.

ಡಿಸ್ಕಿನ ಟ್ರಿಮ್‌ನಲ್ಲಿ ಆ ಗೋಡೆ ಮತ್ತೆ ಬಿದ್ದಿದೆ. ಹೇಗೆಂದು ಹೇಳುತ್ತೇನೆ. ಎಸ್‌ಎಸ್‌ಡಿಯ ಒಳಗಿರುವ ಫ್ಲ್ಯಾಶ್ ಸ್ಮೃತಿಯನ್ನು ರೂಪಿಸಿದವರು ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ. ಇಂದು ಬಳಕೆಯಲ್ಲಿರುವ ನ್ಯಾಂಡ್ ಬಗೆಯನ್ನು ಲೋಕದ ಮುಂದಿಟ್ಟದ್ದು 1987ರಲ್ಲಿ. ಅಳಿಸುವ ಕ್ರಿಯೆ ಕ್ಯಾಮೆರಾದ ಫ್ಲ್ಯಾಶಿನಂತೆ ಒಂದೇ ಸಲಕ್ಕೆ ಆಗುತ್ತದಲ್ಲ ಎಂದು ಸಹೋದ್ಯೋಗಿಯೊಬ್ಬರಿಗೆ ಹೊಳೆದದ್ದರಿಂದ ಆ ಹೆಸರು. ಹೆಸರಿನಲ್ಲೇ ಅದರ ಗುಣ ಇದೆ, ತೊಡಕೂ ಇದೆ. ಇಲ್ಲಿ ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳ ಒಂದೊಂದು ಕಟ್ಟಿನ ಲೆಕ್ಕದಲ್ಲಿ. ಬರೆದಿರುವ ಪುಟದ ಮೇಲೆ ಮತ್ತೆ ಬರೆಯಲು ಬರುವುದಿಲ್ಲ. ಮೊದಲು ಇಡೀ ಕಟ್ಟನ್ನು ಅಳಿಸಬೇಕು. ಹಾಗೆ ಅಳಿಸಿ ಬರೆಯುವುದಕ್ಕೂ ಮಿತಿಯಿದೆ. ಇಂದಿನ ಅಗ್ಗದ ಡಿಸ್ಕುಗಳ ಒಂದೊಂದು ಕಟ್ಟು ಸುಮಾರು 1000ದಿಂದ 3000 ಸಲ ತಡೆದೀತು. ಆಮೇಲೆ ಸವೆತ. ಅದಕ್ಕೇ ಡಿಸ್ಕಿನೊಳಗಿನ ನಿಯಂತ್ರಕ ಬರವಣಿಗೆಯನ್ನು ಒಂದೇ ಕಡೆ ಸುರಿಯದೆ ಎಲ್ಲ ಕಟ್ಟುಗಳಿಗೂ ಹಂಚುತ್ತ ಸವೆತವನ್ನು ಸಮನಾಗಿಸುತ್ತದೆ.

ಇನ್ನೊಂದು ಕಡೆ, ನಾವು ಕಡತವೊಂದನ್ನು ಅಳಿಸಿದಾಗ ನಿಜವಾಗಿ ಆಗುವುದೇನು? ಕಾರ್ಯಾಚರಣೆ ವ್ಯವಸ್ಥೆ ತನ್ನ ಪಟ್ಟಿಯಲ್ಲಿ ಆ ಜಾಗ ಖಾಲಿ ಎಂದು ಗುರುತು ಹಾಕಿಕೊಳ್ಳುತ್ತದೆ, ಅಷ್ಟೇ. ನಮ್ಮ ಮೂಗಿಗೆ ತುಪ್ಪ. ಡಿಸ್ಕಿಗೆ ಈ ಸುದ್ದಿ ಹೋಗುವುದೇ ಇಲ್ಲ. ಬಾಡಿಗೆಯವರು ಮಾಲೀಕರಿಗೆ ಹೇಳದೆ ಮನೆ ಖಾಲಿ ಮಾಡಿದಂತೆ: ಮಾಲೀಕರ ಲೆಕ್ಕದಲ್ಲಿ ಮನೆ ಇನ್ನೂ ತುಂಬಿದೆ, ಟುಲೆಟ್ ಬೋರ್ಡು ಮೇಲೇರುವುದಿಲ್ಲ. ಪಾಪ, ನಿಯಂತ್ರಕ ಸತ್ತ ಪುಟಗಳನ್ನೂ ಬದುಕಿರುವ ಪುಟಗಳೆಂದೇ ನಂಬಿ ಒಂದು ಕಟ್ಟಿನಿಂದ ಇನ್ನೊಂದು ಕಟ್ಟಿಗೆ ಹೊತ್ತು ಸಾಗಿಸುತ್ತಿರುತ್ತದೆ. ಯಾರಿಗೂ ಬೇಡದ ಮಾಹಿತಿಯನ್ನು ಮತ್ತೆ ಮತ್ತೆ ಬರೆದು ಡಿಸ್ಕು ಸವೆಯುತ್ತದೆ, ಬರವಣಿಗೆ ನಿಧಾನವಾಗುತ್ತದೆ. ಟ್ರಿಮ್ ಮಾಡುವುದು ಆ ಸುದ್ದಿ ಮುಟ್ಟಿಸುವ ಕೆಲಸವೊಂದನ್ನೇ: ‘ಈ ಈ ವಿಳಾಸಗಳು ಇನ್ನು ಬೇಡ’. ಅಳಿಸುವುದು ಯಾವಾಗ ಎಂಬುದು ನಿಯಂತ್ರಕಕ್ಕೆ ಬಿಟ್ಟದ್ದು. ಕತ್ತರಿ ಹಾಕಿದ್ದು ಎಲ್ಲೂ ಇಲ್ಲ. ಲೆಕ್ಕ ಒಪ್ಪ ಮಾಡಿದ್ದಷ್ಟೇ. ಮಾಲ್ಡನ್ನಿನ ನಾಯಕ ಮಾಡಿದ್ದರಲ್ಲಿ, ತೆಲುಗಿನ ಸವರಣದಲ್ಲಿ ಯಾವ ಅರ್ಥವಿತ್ತೋ ಅದೇ. ಡಿಸ್ಕುಗಳ ಮಾನದಂಡ ನಿಗದಿಪಡಿಸುವ ಟಿ13 ಸಮಿತಿಗೆ ಈ ಪ್ರಸ್ತಾಪ ಬಂದದ್ದು 2007ರಲ್ಲಿ. 2009ರ ವಿಂಡೋಸ್ 7, 2010ರ ಆರಂಭದ ಲಿನಕ್ಸ್ ಅದನ್ನು ಅಳವಡಿಸಿಕೊಂಡವು.

ಮನೆಯ ಫೈರ್‌ವಾಲಿಗೆ ಇದು ಯಾಕೆ ಮುಖ್ಯ? ಅದು ಹಗಲಿರುಳೂ ಬರೆಯುವ ಯಂತ್ರ. ದಿನಚರಿಯ ಸಾಲುಗಳು, ಸಂಚಾರದ ನಕ್ಷೆಗಳು, ಯಾವ ಫೋನಿಗೆ ಯಾವ ವಿಳಾಸ ಕೊಟ್ಟೆ ಎಂಬ ಪಟ್ಟಿ ಎಲ್ಲವೂ ಸಣ್ಣಸಣ್ಣದಾಗಿ ಬರೆದು, ಹಳತಾದದ್ದನ್ನು ಕಿತ್ತು, ಮತ್ತೆ ಬರೆಯುವ ವ್ಯವಹಾರ. ನಿಜ ಹೇಳಬೇಕೆಂದರೆ 256 ಜಿಬಿಯ ಡಿಸ್ಕು ಹಾಕಿ ಅದರಲ್ಲಿ ಐದಾರು ಜಿಬಿ ಮಾತ್ರ ಬಳಸುವವರು ಟ್ರಿಮ್ ಇಲ್ಲದೆಯೂ ಬಹುಕಾಲ ನೆಮ್ಮದಿಯಾಗಿರಬಹುದು. ಅಗ್ಗಕ್ಕೆ ಸಿಕ್ಕಿತೆಂದು 16 ಜಿಬಿಯ ಹಳೆಯ ಎಸ್‌ಎಸ್‌ಡಿ ಕೂರಿಸಿದವರಿಗೆ, ಅದರ ಮೇಲೆ ನುಸುಳುಕೋರರನ್ನು ಪತ್ತೆಹಚ್ಚುವ ಸುರಿಕಾಟಾದಂಥ ತಂತ್ರಾಂಶ ಹೇರಿದವರಿಗೆ ಇದು ಬೇಕೇ ಬೇಕು.

ಚಾಲೂ ಮಾಡುವ ಬಗೆ ಕಡತ ವ್ಯವಸ್ಥೆಯ ಮೇಲೆ ನಿಂತಿದೆ. ಹಳೆಯ ಯುಎಫ್‌ಎಸ್ ಆದರೆ, ಡಿಸ್ಕು ಬಳಕೆಯಲ್ಲಿರುವಾಗ ಗುರುತು ಬದಲಿಸಲು ಬರುವುದಿಲ್ಲ. ಮಾನಿಟರು, ಕೀಬೋರ್ಡು ಜೋಡಿಸಿ ಪೆಟ್ಟಿಗೆಯನ್ನು ಸಿಂಗಲ್ ಯೂಸರ್ ಸ್ಥಿತಿಯಲ್ಲಿ ಎಬ್ಬಿಸಬೇಕು. ಮೂಲ ವಿಭಾಗ ಓದಲು ಮಾತ್ರ ಎಂಬಂತೆ ತೆರೆದಿರುವಾಗ ಟ್ಯೂನ್‌ಎಫ್‌ಎಸ್ ಎಂಬ ಆಜ್ಞೆಯಿಂದ ಟ್ರಿಮ್ ಗುರುತು ಹಾಕಿ ಮತ್ತೆ ಶುರು ಮಾಡಬೇಕು. ಹಾಕಿದ ಗುರುತು ಅಂದಿನಿಂದ ಅಳಿಯುವ ಕಡತಗಳಿಗೆ ಅನ್ವಯ. ಹಿಂದೆ ಅಳಿದದ್ದರ ಸುದ್ದಿ ಮುಟ್ಟಿಸಲು ಎಫ್‌ಎಸ್‌ಸಿಕೆ ಆಜ್ಞೆಯಲ್ಲಿ ಬೇರೆಯೇ ಆಯ್ಕೆಯಿದೆ. ಹೊಸ ಜೆಡ್‌ಎಫ್‌ಎಸ್ ಆದರೆ ಕಷ್ಟವಿಲ್ಲ. ಚಾಲನೆಯಲ್ಲಿರುವಾಗಲೇ ಜೆಡ್‌ಪೂಲ್ ಆಜ್ಞೆಯಲ್ಲಿ ಆಟೋಟ್ರಿಮ್ ಗುಣವನ್ನು ತೆರೆಯಬಹುದು, ಅಥವಾ ಬೇಕೆಂದಾಗ ಒಂದು ಸಲ ಟ್ರಿಮ್ ಮಾಡಿಸಬಹುದು. ಆಟೋಟ್ರಿಮ್ ತಾನಾಗಿ ತೆರೆದಿರುವುದಿಲ್ಲ ಎಂಬುದನ್ನು ಹಲವರು ಗಮನಿಸಿರುವುದಿಲ್ಲ. ಎಲ್ಲಕ್ಕೂ ಮೊದಲು ಡಿಸ್ಕು ಟ್ರಿಮ್ ಒಪ್ಪುತ್ತದೆಯೇ ಎಂದು ಕ್ಯಾಮ್‌ಕಂಟ್ರೋಲ್ ಆಜ್ಞೆಯಿಂದ ಕೇಳಿಕೊಳ್ಳಬೇಕು. ಯುಎಸ್‌ಬಿ ಅಡಾಪ್ಟರಿನ ಮೂಲಕ ಜೋಡಿಸಿದ ಡಿಸ್ಕಾದರೆ ಸುದ್ದಿ ಎಷ್ಟೋ ವೇಳೆ ಅಡಾಪ್ಟರಿನಲ್ಲೇ ನಿಂತುಬಿಡುತ್ತದೆ.

ಹೆಸರಿನ ವಿಷಯಕ್ಕೆ ಮರಳೋಣ. ಇದೇ ಕೆಲಸಕ್ಕೆ ಸ್ಕಸಿ ಡಿಸ್ಕುಗಳವರು ‘ಅನ್‌ಮ್ಯಾಪ್’ ಎಂದರು, ಎನ್‌ವಿಎಂಇಯವರು ‘ಡೀಅಲೊಕೇಟ್’ ಎಂದರು, ಲಿನಕ್ಸಿನವರು ‘ಡಿಸ್ಕಾರ್ಡ್’ ಎಂದರು. ಮೂರೂ ಲೆಕ್ಕಕ್ಕೆ ಸರಿಯಾದ ಹೆಸರುಗಳೇ, ಆದರೆ ಜನರ ಬಾಯಲ್ಲಿ ನಿಂತದ್ದು ಟ್ರಿಮ್. ಕನ್ನಡದಲ್ಲಿ ಬರೆಯುವವರು ಇದನ್ನು ‘ಕತ್ತರಿಸು’ ಎಂದೋ ‘ಅಳಿಸು’ ಎಂದೋ ಮಾಡಿದರೆ ಓದುಗರು ತಪ್ಪು ದಾರಿ ಹಿಡಿಯುತ್ತಾರೆ. ತಮ್ಮ ಕಡತಕ್ಕೆ ಕುತ್ತು ಬಂತೆಂದು ಹೆದರಿದರೂ ಹೆದರಬಹುದು. ಟ್ರಿಮ್ ಎಂದೇ ಬಿಡುವುದಕ್ಕೆ ನನ್ನ ಅಡ್ಡಿಯಿಲ್ಲ. ಕನ್ನಡದ ಪದವೇ ಬೇಕೆಂದರೆ ಹೊಸತನ್ನು ಹೊಸೆಯಬೇಕಾಗಿಲ್ಲ, ಸಂಸ್ಕೃತದಿಂದ ಕಡ ತರಬೇಕಾಗಿಲ್ಲ. ‘ಸವರಣೆ’ ಕೋಶದಲ್ಲಿ ಇದ್ದೇ ಇದೆ. ಸವೆತ ತಡೆಯಲು ಸವರಣೆ ಎಂದು ಹೇಳಿದರೆ ಕಿವಿಗೂ ಹಿತ. ದುರಸ್ತಿ ಎಂಬ ಫಾರಸಿ ಪದವನ್ನು ಕಂದಾಯ ಇಲಾಖೆಯವರು ಪೋಡಿ ದುರಸ್ತಿ ಎಂದು ಇವತ್ತಿಗೂ ನಡೆಸಿಕೊಂಡು ಬಂದಿರುವಾಗ, ನಮ್ಮದೇ ಹಳೆಯ ಪದವೊಂದನ್ನು ತೆಲುಗಿನವರ ಮನೆಯಿಂದ ಕರೆತರಲು ಸಂಕೋಚವೇಕೆ?

ಕೊನೆಗೊಂದು ಎಚ್ಚರಿಕೆ. ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯ ಈ ಊರಿನ ರಾಮಾಂತಪುರದಲ್ಲಿದೆ. ಅಳಿಸಿದ ಕಡತವನ್ನು ಮತ್ತೆ ಹೊರತೆಗೆಯುವುದು ಅಂಥ ಕಡೆಯ ತಜ್ಞರ ವಿದ್ಯೆ. ಟ್ರಿಮ್ ತೆರೆದಿರುವ ಎಸ್‌ಎಸ್‌ಡಿಯ ಮುಂದೆ ಆ ವಿದ್ಯೆ ಹೆಚ್ಚು ನಡೆಯುವುದಿಲ್ಲ. ಸುದ್ದಿ ಮುಟ್ಟಿದ ಮೇಲೆ ಡಿಸ್ಕು ಆ ಜಾಗವನ್ನು ಯಾವ ಕ್ಷಣದಲ್ಲಾದರೂ ನಿಜವಾಗಿಯೇ ಬರಿದು ಮಾಡಬಹುದು. ಆದ್ದರಿಂದ ಮನೆಯಲ್ಲಿ ಇಂಥ ಪೆಟ್ಟಿಗೆ ಇಟ್ಟುಕೊಂಡವರು ಸವರಣೆಗೆ ಕೈಹಾಕುವ ಮೊದಲು ಫೈರ್‌ವಾಲಿನ ಹೊಂದಿಕೆಗಳ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ. ಪಿಎಫ್‌ಸೆನ್ಸ್‌ನಲ್ಲಿಯೂ ಓಪಿಎನ್‌ಸೆನ್ಸ್‌ನಲ್ಲಿಯೂ ಅದು ಒಂದೇ ಒಂದು ಕಡತ, ಇಳಿಸಿಕೊಳ್ಳಲು ಒಂದು ನಿಮಿಷ ಸಾಕು.